ಸ್ನಾಯುಕೋಷ್ಠದ ಬಿಗಿತವೂ ಹೆಪ್ಪುಗಟ್ಟದ ರಕ್ತವೂ

ಕುಂದಾಪುರದಿಂದ ಉತ್ತರಾಭಿಮುಖವಾಗಿ ಸಾಗುವ ಹೆದ್ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಕ್ರಮಿಸಿದರೆ ತ್ರಾಸಿ ಸಿಕ್ಕುತ್ತದೆ. ಪಡುವಲಿಗೆ ಅರಬ್ಬೀ ಸಮುದ್ರ. ತುಸು ಮುಂದೆ ಮರವಂತೆಯಲ್ಲಿ ಮೂಡಲಿಗೆ ಸೌಪರ್ಣಿಕಾ ನದಿ. ಮೀನುಗಾರಿಕೆ, ಬತ್ತದ ಗದ್ದೆ, ತೆಂಗಿನ ತೋಟ ಇವು ಈ ಪ್ರದೇಶದ ಜನರ ಜೀವನಾಧಾರಗಳು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬೀಳುವುದು, ಗದ್ದೆಯ ಅಂಚಿನಲ್ಲಿ ಹಾವು ಕಚ್ಚುವುದು ಇಲ್ಲಿ ಅಪೂರ್ವವಾದ ಸಂಗತಿಗಳಲ್ಲ. ಸಾಮಾನ್ಯನಾದ ಮನುಷ್ಯನಿಗೆ ಕಾಲಿನ ಪೆಟ್ಟು ನಾಲ್ಕು ದಿನದ ನೋವು. ಆದರೆ ರಕ್ತವು ಹೆಪ್ಪುಗಟ್ಟದ ಸ್ಥಿತಿಯಲ್ಲಿರುವವನಿಗೆ ಅದೇ ಪೆಟ್ಟು ಒಂದು ರಾತ್ರಿಯೊಳಗೆ ಕಾಲನ್ನೇ ನಿರುಪಯುಕ್ತಗೊಳಿಸಬಹುದು. ಅದು ಹೇಗೆ, ಅದಕ್ಕೆ ಪ್ರತೀಕಾರವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ವಿಷಯವು ಸ್ಪಷ್ಟವಾಗುವುದಕ್ಕಾಗಿ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಐವತ್ತು ವರ್ಷದ ಹೆಂಗಸು. ಬಾಲ್ಯದಲ್ಲಿ ಬಂದ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟು, ಲೋಹದ ಕವಾಟವನ್ನು ಜೋಡಿಸಿಕೊಂಡಿದ್ದಾರೆ. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಪ್ರತಿದಿನವೂ ವಾರ್ಫರಿನ್ ಮಾತ್ರೆ ಸೇವಿಸುತ್ತಾರೆ. ಆಷಾಢದ ಒಂದು ಸಂಜೆ ಐದು ಗಂಟೆಗೆ ಮುರಕಲ್ಲಿನ ಮೆಟ್ಟಿಲ ಮೇಲೆ ಜಾರಿ ಮೊಣಕಾಲಿನ ಕೆಳಗೆ ಪೆಟ್ಟಾಯಿತು. ಮೂಳೆ ಮುರಿದಿಲ್ಲ, ಚರ್ಮ ಹರಿದಿಲ್ಲ. ರಾತ್ರಿ ಒಂಬತ್ತಕ್ಕೆ ಕಾಲು ಮರದ ತುಂಡಿನಂತೆ ಗಟ್ಟಿಯಾಗಿದೆ. ಪೆಟ್ಟಿನ ಗಾತ್ರಕ್ಕೆ ಸ್ವಲ್ಪವೂ ಹೊಂದದಂಥ ನೋವು. ಮನೆಯವರು ಎಣ್ಣೆ ತಿಕ್ಕಿ ಬಟ್ಟೆ ಬಿಗಿದು ಕಟ್ಟಿ, ಬೆಳಗಾದ ಮೇಲೆ ನೋಡೋಣ ಎನ್ನುತ್ತಾರೆ. ಬೆಳಗಾಗುವವರೆಗೆ ಕಾಯಬಹುದೆ? ಈ ಒಂದು ಪ್ರಶ್ನೆಯೇ ನಮ್ಮ ವಿವೇಚನೆಯ ಕೇಂದ್ರ.

೧. ಸ್ನಾಯುಕೋಷ್ಠದ ರಚನೆ

ಕೈಕಾಲುಗಳ ಸ್ನಾಯುಗಳು ಚರ್ಮದ ಕೆಳಗೆ ಬಿಡಿಬಿಡಿಯಾಗಿ ಇರುವುದಿಲ್ಲ. ಗಟ್ಟಿಯಾದ ಬಿಳಿಯ ತಂತುಪೊರೆಯೊಂದು ಅವನ್ನು ಗುಂಪುಗುಂಪಾಗಿ ಸುತ್ತುವರಿದಿದೆ. ಹೀಗೆ ಪೊರೆ ಮತ್ತು ಮೂಳೆಗಳ ನಡುವೆ ಏರ್ಪಟ್ಟ ಮುಚ್ಚಿದ ಕೋಣೆಯನ್ನು ನಾವು ಸ್ನಾಯುಕೋಷ್ಠವೆಂದು ಕರೆಯೋಣ. ಮೊಣಕಾಲಿನ ಕೆಳಭಾಗದಲ್ಲಿ ಇಂಥ ನಾಲ್ಕು ಕೋಷ್ಠಗಳಿವೆ: ಮುಂದಿನದು, ಪಕ್ಕದ್ದು, ಹಿಂದಣ ಮೇಲ್ಪದರದ್ದು, ಹಿಂದಣ ಒಳಪದರದ್ದು. ಪ್ರತಿಯೊಂದರಲ್ಲಿಯೂ ಸ್ನಾಯುಗಳ ಜೊತೆಗೆ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ.

ನಮ್ಮ ಕರಾವಳಿಯ ಅಕ್ಕಿಮುಡಿಯನ್ನು ಇಲ್ಲಿ ನೆನೆಯಬಹುದು. ಹುಲ್ಲಿನ ಹಗ್ಗದಿಂದ ಬಿಗಿದ ಮುಡಿಯೊಳಗೆ ನೀರು ಹೊಕ್ಕರೆ ಅಕ್ಕಿ ಉಬ್ಬುತ್ತದೆ. ಹಗ್ಗ ಮಾತ್ರ ಸಡಿಲುವುದಿಲ್ಲ. ಒಳಗಿನ ಕಾಳುಗಳು ಒಂದನ್ನೊಂದು ಅಮುಕುತ್ತವೆ. ಕೋಷ್ಠದೊಳಗೆ ರಕ್ತ ಸೋರಿದಾಗ ಅಥವಾ ಸ್ನಾಯು ಊದಿಕೊಂಡಾಗ ಆಗುವುದೂ ಇದೇ. ವಿಶ್ರಾಂತಿಯಲ್ಲಿರುವ ಆರೋಗ್ಯವಂತನ ಸ್ನಾಯುಕೋಷ್ಠದ ಒಳಗಿನ ಒತ್ತಡ ಪಾದರಸದ ೧೦ ಮಿಲಿಮೀಟರಿಗಿಂತ ಕಡಮೆ. ಅದು ೩೦, ೪೦ಕ್ಕೆ ಏರಿದರೆ ತೆಳುವಾದ ಕಿರು ಅಭಿಧಮನಿಗಳು ಮೊದಲು ಅಮುಕಿಹೋಗುತ್ತವೆ. ಹೊರಹೋಗುವ ದಾರಿ ಮುಚ್ಚಿದ್ದರಿಂದ ಲೋಮನಾಳಗಳಲ್ಲಿ ರಕ್ತ ನಿಲ್ಲುತ್ತದೆ, ದ್ರವವು ಮತ್ತಷ್ಟು ಹೊರಕ್ಕೆ ಸೋರುತ್ತದೆ, ಒತ್ತಡ ಇನ್ನೂ ಏರುತ್ತದೆ. ಇದೊಂದು ವಿಷಚಕ್ರ. ವೈದ್ಯರು ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ದೊಡ್ಡ ಅಪಧಮನಿಯೊಳಗಿನ ಒತ್ತಡ ೧೨೦ರ ಆಸುಪಾಸಿನಲ್ಲಿರುವುದರಿಂದ, ಕೋಷ್ಠದ ಒತ್ತಡ ೪೦ ಅಥವಾ ೫೦ ಆದರೂ ಅಪಧಮನಿ ಮುಚ್ಚಿಹೋಗದು. ಪಾದದಲ್ಲಿ ನಾಡಿ ಸಿಕ್ಕುತ್ತಲೇ ಇರುತ್ತದೆ, ಬೆರಳುಗಳು ಬೆಚ್ಚಗಿರಬಹುದು. ಆದರೆ ಸ್ನಾಯುವಿನ ಕಣಕಣಕ್ಕೆ ರಕ್ತ ತಲಪುತ್ತಿರುವುದಿಲ್ಲ. ನಾಡಿ ಇದೆಯೆಂಬ ಸಮಾಧಾನ ಈ ವ್ಯಾಧಿಯಲ್ಲಿ ಅತ್ಯಂತ ಅಪಾಯಕರವಾದ ಸಮಾಧಾನ.

ರಕ್ತಹೀನತೆಯನ್ನು ಸ್ನಾಯುವು ಸುಮಾರು ನಾಲ್ಕು ಗಂಟೆಗಳ ಕಾಲ ಸಹಿಸಿ ಮರಳಿ ಚೇತರಿಸಿಕೊಳ್ಳಬಲ್ಲುದು. ಎಂಟು ಗಂಟೆಗಳು ಕಳೆದರೆ ಹಾನಿ ಬಹುಮಟ್ಟಿಗೆ ಶಾಶ್ವತ. ಸತ್ತ ಸ್ನಾಯು ಕ್ರಮೇಣ ನಾರಾಗಿ ಸಂಕೋಚಗೊಂಡು ಅವಯವವನ್ನು ಸೊಟ್ಟಗೆ ಎಳೆಯುತ್ತದೆ. ಬಿಗಿಯಾದ ಕಟ್ಟಿನಿಂದ ಕೈ ಹೀಗೆ ಕೊಂಕುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ ೧೮೮೧ರಲ್ಲಿ ವರ್ಣಿಸಿದನು; ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಅಷ್ಟೇ ಅಲ್ಲ, ಸತ್ತ ಸ್ನಾಯುವಿನಿಂದ ಹೊರಬರುವ ಮಯೋಗ್ಲೋಬಿನ್ ಮತ್ತು ಪೊಟಾಸಿಯಂ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನೂ ಹೃದಯವನ್ನೂ ಬಾಧಿಸಬಲ್ಲವು. ಆದಕಾರಣ ಇದು ಬರಿಯ ಕಾಲಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆಯೂ ಹೌದು.

೨. ಹೆಪ್ಪನ್ನು ತಡೆಯುವ ಮದ್ದುಗಳು

ಗಾಯವಾದಾಗ ರಕ್ತವು ಹೆಪ್ಪುಗಟ್ಟಿ ಸೋರಿಕೆಯನ್ನು ನಿಲ್ಲಿಸುವುದು ದೇಹದ ಸಹಜಧರ್ಮ. ಈ ಧರ್ಮವನ್ನು ಉದ್ದೇಶಪೂರ್ವಕವಾಗಿ ಕುಗ್ಗಿಸುವ ಮದ್ದುಗಳು ಇಪ್ಪತ್ತನೆಯ ಶತಮಾನದ ಕೊಡುಗೆ. ೧೯೧೬ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜೇ ಮೆಕ್ಲೀನ್ ನಡೆಸಿದ ಪ್ರಯೋಗಗಳಿಂದ ಹೆಪಾರಿನ್ನಿನ ಸಂಶೋಧನೆ ಆರಂಭವಾಯಿತು. ವಾರ್ಫರಿನ್ನಿನ ಕಥೆ ಇನ್ನೂ ವಿಚಿತ್ರವಾದುದು. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಕೊಳೆತ ಸಿಹಿಕ್ಲೋವರ್ ಮೇವನ್ನು ತಿಂದು ರಕ್ತಸ್ರಾವದಿಂದ ಸಾಯತೊಡಗಿದವು. ವಿಸ್ಕಾನ್ಸಿನ್ನಿನ ಕಾರ್ಲ್ ಲಿಂಕ್ ಮತ್ತು ಅವನ ಸಹೋದ್ಯೋಗಿಗಳು ಆ ಮೇವಿನಿಂದ ಕಾರಣದ್ರವ್ಯವನ್ನು ಬೇರ್ಪಡಿಸಿದರು. ಅದರಿಂದ ಬೆಳೆದ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, ೧೯೫೪ರಲ್ಲಿ ಮನುಷ್ಯರಿಗೆ ಮದ್ದಾಯಿತು. ಯಕೃತ್ತಿನಲ್ಲಿ ವಿಟಮಿನ್ ಕೆ ಸಹಾಯದಿಂದ ಸಿದ್ಧವಾಗುವ ಹೆಪ್ಪುಘಟಕಗಳನ್ನು ಇದು ಕುಂಠಿತಗೊಳಿಸುತ್ತದೆ.

ವಾರ್ಫರಿನ್ನಿನ ಪರಿಣಾಮವನ್ನು ಐ.ಎನ್.ಆರ್. ಎಂಬ ಅಂಕೆಯಿಂದ ಅಳೆಯುತ್ತಾರೆ. ಮದ್ದಿಲ್ಲದವರಲ್ಲಿ ಅದು ಸುಮಾರು ೧. ಬಹುಪಾಲು ರೋಗಿಗಳಲ್ಲಿ ೨ರಿಂದ ೩ರೊಳಗೆ, ಲೋಹದ ಮೈಟ್ರಲ್ ಕವಾಟವುಳ್ಳವರಲ್ಲಿ ೨.೫ರಿಂದ ೩.೫ರೊಳಗೆ ಇರಿಸಲು ಯತ್ನಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು ೧೯೯೦ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾದ ಚಿತ್ರಾ ಕವಾಟದಿಂದಾಗಿ ಕಡಮೆ ವೆಚ್ಚದ ಲೋಹಕವಾಟ ನಮ್ಮ ದೇಶದ ಬಡರೋಗಿಗಳಿಗೂ ನಿಲುಕುವಂತಾಯಿತು. ಇಂಥವರೆಲ್ಲ ಜೀವಮಾನವಿಡೀ ಈ ಮದ್ದಿನ ಆಶ್ರಿತರು.

ಇನ್ನೊಂದು ವರ್ಗದ ಮದ್ದುಗಳು ಈಗಾಗಲೇ ಕಟ್ಟಿದ ಹೆಪ್ಪನ್ನು ಕರಗಿಸುವಂಥವು. ೧೯೩೩ರಲ್ಲಿ ವಿಲಿಯಂ ಟಿಲೆಟ್ ಕಂಡುಹಿಡಿದ ಸ್ಟ್ರೆಪ್ಟೊಕೈನೇಸ್ ಇವುಗಳಲ್ಲಿ ಹಿರಿಯದು, ಟೆನೆಕ್ಟಿಪ್ಲೇಸ್ ಈಚಿನದು. ಹೃದಯಾಘಾತವಾದವರಿಗೆ ತಾಲೂಕು ಆಸ್ಪತ್ರೆಯಲ್ಲಿಯೇ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಕರ್ನಾಟಕ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಮಾಡಿದೆ. ಇದು ಸಾವಿರಾರು ಜೀವಗಳಿಗೆ ಆಸರೆ. ಆದರೆ ಈ ಮದ್ದು ಹೃದಯದ ಹೆಪ್ಪನ್ನು ಮಾತ್ರ ಆರಿಸಿ ಕರಗಿಸಲಾರದು. ಮೊಣಕೈಯ ಅಪಧಮನಿಗೆ ಸೂಜಿ ಚುಚ್ಚಿ ರಕ್ತ ತೆಗೆದಿದ್ದರೆ ಆ ರಂಧ್ರದ ಹೆಪ್ಪೂ ಕರಗುತ್ತದೆ. ರಕ್ತ ಮುಂಗೈಯ ಕೋಷ್ಠಕ್ಕೆ ಇಳಿಯುತ್ತದೆ. ಆದುದರಿಂದ ಈ ಚಿಕಿತ್ಸೆ ಪಡೆಯುವವರಲ್ಲಿ ಅನಾವಶ್ಯಕವಾದ ಒಂದು ಚುಚ್ಚುವಿಕೆಯೂ ಕೂಡದು ಎಂಬುದು ನಿಯಮ. ಸ್ನಾಯುವಿಗೆ ಕೊಡುವ ನೋವಿನ ಚುಚ್ಚುಮದ್ದು ಕೂಡ ಸ್ನಾಯುವಿನೊಳಗೆ ರಕ್ತಸ್ರಾವಕ್ಕೆ ಕಾರಣವಾಗಬಲ್ಲುದು.

೩. ಗುರುತಿಸುವ ಬಗೆ

ಮೊದಲ ಲಕ್ಷಣ ನೋವು. ಅದು ಪೆಟ್ಟಿಗೆ ಮೀರಿದ ನೋವು. ಕಾಲು ಅಲುಗಿಸದೆ ಮಲಗಿದ್ದರೂ ಏರುತ್ತಲೇ ಹೋಗುವ ನೋವು. ರೋಗಿಯ ಕಾಲ್ಬೆರಳುಗಳನ್ನು ಪರೀಕ್ಷಕನು ಮೆಲ್ಲನೆ ಮೇಲಕ್ಕೋ ಕೆಳಕ್ಕೋ ಬಗ್ಗಿಸಿದಾಗ ಆ ಕೋಷ್ಠದ ಸ್ನಾಯು ಎಳೆಯಲ್ಪಟ್ಟು ನೋವು ಅಸಹನೀಯವಾಗುತ್ತದೆ. ಎರಡನೆಯದು ಮುಟ್ಟಿದರೆ ತಿಳಿಯುವ ಬಿಗಿತ. ಮೂರನೆಯದು ಬೆರಳುಗಳ ನಡುವೆ ಜುಮುಗುಟ್ಟುವಿಕೆ, ಮರಗಟ್ಟುವಿಕೆ. ಇದು ನರವು ಬಾಧೆಗೊಂಡ ಸೂಚನೆ. ಚಲನೆ ನಿಂತುಹೋಗುವುದು, ನಾಡಿ ಇಲ್ಲದಂತಾಗುವುದು ಇವು ತಡವಾಗಿ ಬರುವ ಲಕ್ಷಣಗಳು. ಅವು ಕಾಣುವವರೆಗೆ ಕಾದವನು ಕಾಲನ್ನು ಉಳಿಸುವ ಅವಕಾಶವನ್ನು ಬಹುತೇಕ ಕಳೆದುಕೊಂಡಂತೆ.

ಸಂದೇಹವಿದ್ದಲ್ಲಿ, ಅಥವಾ ರೋಗಿಯು ಪ್ರಜ್ಞೆ ತಪ್ಪಿ ನೋವನ್ನು ಹೇಳಲಾರದಿದ್ದಲ್ಲಿ, ಕೋಷ್ಠದೊಳಕ್ಕೆ ಸೂಜಿಯನ್ನಿಳಿಸಿ ಒತ್ತಡವನ್ನು ನೇರವಾಗಿ ಅಳೆಯಬಹುದು. ಎಡಿನ್‌ಬರೋದ ಮಾರ್ಗರೆಟ್ ಮೆಕ್‌ಕ್ವೀನ್ ಮತ್ತು ಚಾರ್ಲ್ಸ್ ಕೋರ್ಟ್-ಬ್ರೌನ್ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದ ಅನಂತರ, ಕೋಷ್ಠದ ಒತ್ತಡವೊಂದನ್ನೇ ನೋಡುವುದಕ್ಕಿಂತ ರಕ್ತದೊತ್ತಡದ ಕೆಳ ಅಂಕೆಯಿಂದ ಅದನ್ನು ಕಳೆದು ನೋಡುವುದು ಯುಕ್ತವೆಂಬ ಅಭಿಪ್ರಾಯ ಬಲಗೊಂಡಿದೆ. ಈ ವ್ಯತ್ಯಾಸ ೩೦ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಅಪಾಯ. ಉದಾಹರಣೆಗೆ, ರಕ್ತದೊತ್ತಡ ೧೨೦/೭೦ ಇದ್ದು ಕೋಷ್ಠದ ಒತ್ತಡ ೪೫ ಇದ್ದರೆ ವ್ಯತ್ಯಾಸ ೨೫. ಇದು ಶಸ್ತ್ರಕ್ರಿಯೆಯ ಸೂಚನೆ. ರಕ್ತಸ್ರಾವದಿಂದ ರಕ್ತದೊತ್ತಡವೇ ಕುಸಿದವನಲ್ಲಿ ಇನ್ನೂ ಕಡಮೆ ಒತ್ತಡವೂ ಸ್ನಾಯುವನ್ನು ಕೊಲ್ಲಬಲ್ಲುದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

೪. ಎರಡು ವಿರುದ್ಧ ಆಜ್ಞೆಗಳು

ಕಂಪಾರ್ಟ್‌ಮೆಂಟ್ ಸಿಂಡ್ರೋಮಿಗೆ ಇರುವ ನಿಶ್ಚಿತವಾದ ಚಿಕಿತ್ಸೆ ಒಂದೇ: ಪೊರೆಯನ್ನು ಉದ್ದಕ್ಕೆ ಸೀಳಿ ಕೋಷ್ಠವನ್ನು ತೆರೆಯುವುದು. ಇದಕ್ಕೆ ಫೇಸಿಯಾಟಮಿ ಎಂದು ಹೆಸರು. ಮುಡಿಯ ಹಗ್ಗವನ್ನು ಕತ್ತರಿಸಿದಂತೆ ಒತ್ತಡ ಕೂಡಲೇ ಇಳಿಯುತ್ತದೆ. ಗಾಯವನ್ನು ಕೆಲವು ದಿನ ತೆರೆದೇ ಇಟ್ಟು, ಊತವಿಳಿದ ಮೇಲೆ ಹೊಲಿಯುತ್ತಾರೆ ಅಥವಾ ಚರ್ಮವನ್ನು ಕಸಿಮಾಡುತ್ತಾರೆ.

ಆದರೆ ನಾವು ಕಲ್ಪಿಸಿಕೊಂಡ ರೋಗಿಯಲ್ಲಿ ತೊಡಕು ಇರುವುದು ಇಲ್ಲಿಯೇ. ಕೋಷ್ಠದ ಒತ್ತಡವು ಈಗಲೇ ಕತ್ತರಿಸು ಎನ್ನುತ್ತದೆ. ಹೆಪ್ಪುಗಟ್ಟದ ರಕ್ತವು ಕತ್ತರಿಸಬೇಡ ಎನ್ನುತ್ತದೆ. ಏಕೆಂದರೆ ಮೊಣಕಾಲಿನಿಂದ ಹರಡಿನವರೆಗೆ ತೆರೆದ ಗಾಯದಿಂದ ರಕ್ತ ನಿಲ್ಲದೆ ಹರಿಯಬಹುದು. ಹೃದಯದ ಕವಾಟವು ಮೂರನೆಯ ಮಾತೊಂದನ್ನು ಸೇರಿಸುತ್ತದೆ: ಹೆಪ್ಪನ್ನು ಪೂರ್ತಿಯಾಗಿ ಮರಳಿಸಿ ಬಹುಕಾಲ ಬಿಟ್ಟರೆ ಕವಾಟದ ಮೇಲೆ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತಾದೀತು.

ಈ ವಿರೋಧವನ್ನು ಪರಿಹರಿಸುವ ಮಾರ್ಗವೆಂದರೆ ರಕ್ತವನ್ನು ಸರಿಪಡಿಸುವ ಕೆಲಸವನ್ನೂ ಶಸ್ತ್ರಕ್ರಿಯೆಯ ಸಿದ್ಧತೆಯನ್ನೂ ಏಕಕಾಲಕ್ಕೆ ಆರಂಭಿಸುವುದು. ಒಂದು ಮುಗಿದ ಮೇಲೆ ಇನ್ನೊಂದು ಎಂದರೆ ಸ್ನಾಯುವಿನ ಗಡುವು ಮೀರಿಹೋಗುತ್ತದೆ. ಬಿಗಿದ ಬಟ್ಟೆ, ಪಟ್ಟಿ, ಪ್ಲಾಸ್ಟರುಗಳನ್ನು ಮೊದಲು ತೆಗೆಯಬೇಕು. ಕಾಲನ್ನು ಹೃದಯದ ಮಟ್ಟದಲ್ಲಿಡಬೇಕು. ದಿಂಬುಗಳನ್ನಿಟ್ಟು ಎತ್ತರಿಸಿದರೆ ಒಳಬರುವ ರಕ್ತವೂ ಕಡಮೆಯಾಗಿ ಹಾನಿ ಹೆಚ್ಚುತ್ತದೆ. ಮುಂದಿನ ಮಾತ್ರೆಯನ್ನು ತಡೆಯುವ ನಿರ್ಧಾರವನ್ನು ವೈದ್ಯರೇ ಕೈಗೊಳ್ಳತಕ್ಕದ್ದು. ರಕ್ತದ ಗುಂಪು, ಐ.ಎನ್.ಆರ್., ಫೈಬ್ರಿನೋಜೆನ್, ಕಿರುಬಿಲ್ಲೆಗಳ ಎಣಿಕೆ ಇವುಗಳ ಪರೀಕ್ಷೆಗೆ ರಕ್ತವನ್ನು ಆಗಲೇ ಕಳುಹಿಸಬೇಕು.

ಮರಳಿಸುವ ಮದ್ದು ತಡೆಯುವ ಮದ್ದಿಗೆ ತಕ್ಕಂತೆ ಬೇರೆಬೇರೆ. ಹೆಪಾರಿನ್ನಿಗೆ ಪ್ರೋಟಮಿನ್, ಸುಮಾರು ೧೦೦ ಯೂನಿಟ್ ಹೆಪಾರಿನ್ನಿಗೆ ೧ ಮಿಲಿಗ್ರಾಂ. ವಾರ್ಫರಿನ್ನಿಗೆ ವಿಟಮಿನ್ ಕೆ ಉಂಟಾದರೂ, ರಕ್ತನಾಳಕ್ಕೆ ಕೊಟ್ಟ ಮೇಲೂ ಅದರ ಫಲ ಕಾಣಲು ಹಲವು ಗಂಟೆಗಳು ಬೇಕು, ಏಕೆಂದರೆ ಯಕೃತ್ತು ಘಟಕಗಳನ್ನು ಹೊಸದಾಗಿ ತಯಾರಿಸಬೇಕು. ಗಂಟೆಗಳಿಲ್ಲದ ಈ ಸಂದರ್ಭದಲ್ಲಿ ಸಿದ್ಧಘಟಕಗಳನ್ನೇ ಕೊಡುವುದು ಉಚಿತ. ಪ್ರೋಥ್ರೊಂಬಿನ್ ಕಾಂಪ್ಲೆಕ್ಸ್ ಎಂಬ ಸಾಂದ್ರಘಟಕವು ನಿಮಿಷಗಳಲ್ಲಿ ಐ.ಎನ್.ಆರ್. ಅನ್ನು ಇಳಿಸಬಲ್ಲುದು, ಅದು ದೊರೆಯದಲ್ಲಿ ರಕ್ತನಿಧಿಯ ಹೆಪ್ಪುಗಟ್ಟಿಸಿಟ್ಟ ತಾಜಾ ಪ್ಲಾಸ್ಮಾ. ಪ್ಲಾಸ್ಮಾವನ್ನು ಕರಗಿಸಲು ಸಮಯ ಬೇಕು, ಅದರ ಪ್ರಮಾಣವೂ ಹೆಚ್ಚು, ದುರ್ಬಲ ಹೃದಯಕ್ಕೆ ಅದು ಭಾರ. ಡಾಬಿಗಾಟ್ರಾನ್ ಎಂಬ ಹೊಸ ಮದ್ದಿಗೆ ಇಡಾರುಸಿಜುಮ್ಯಾಬ್ ಎಂಬ ಪ್ರತ್ಯೌಷಧವಿದೆ. ಹೆಪ್ಪು ಕರಗಿಸುವ ಮದ್ದು ಪಡೆದವರಲ್ಲಿ ಮದ್ದು ಬೇಗನೆ ಇಳಿದುಹೋದರೂ ಅದು ನಾಶಮಾಡಿದ ಫೈಬ್ರಿನೋಜೆನ್ ಬೇಗನೆ ತುಂಬಿಬರುವುದಿಲ್ಲ. ಅವರಿಗೆ ಕ್ರಯೋಪ್ರೆಸಿಪಿಟೇಟ್ ಮತ್ತು ಟ್ರಾನೆಕ್ಸಾಮಿಕ್ ಆಮ್ಲ ಬೇಕಾಗುತ್ತವೆ.

ಶಸ್ತ್ರಕ್ರಿಯೆಯಾದ ಮೇಲೆ ರಕ್ತಸ್ರಾವ ನಿಂತಿತೆಂದು ಖಚಿತವಾದಾಗ, ಕವಾಟದ ರಕ್ಷಣೆಗಾಗಿ ಹೆಪ್ಪುನಿರೋಧವನ್ನು ಮತ್ತೆ ಆರಂಭಿಸಬೇಕು. ಹನಿಹನಿಯಾಗಿ ಕೊಡುವ ಹೆಪಾರಿನ್ ಇದಕ್ಕೆ ಅನುಕೂಲ. ರಕ್ತ ಸೋರತೊಡಗಿದರೆ ಅದನ್ನು ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಪ್ರಭಾವ ಇಳಿಯುತ್ತದೆ. ಇಲ್ಲಿ ಶಸ್ತ್ರವೈದ್ಯ, ಹೃದಯವೈದ್ಯ, ರಕ್ತನಿಧಿ ಈ ಮೂವರ ಸಮಾಲೋಚನೆ ಅನಿವಾರ್ಯ. ಇನ್ನೊಂದು ಮಾತನ್ನೂ ಹೇಳತಕ್ಕದ್ದುಂಟು: ರೋಗಿ ಒಂದು ದಿನ ಮೀರಿ ಬಂದು ಸ್ನಾಯು ಪೂರ್ತಿ ಸತ್ತಿದ್ದರೆ, ಪೊರೆಯನ್ನು ಸೀಳುವುದರಿಂದ ಲಾಭವಿಲ್ಲ, ಸತ್ತ ಸ್ನಾಯುವಿಗೆ ಸೋಂಕಿನ ದಾರಿ ತೆರೆದಂತಾಗುವುದು ಮಾತ್ರ. ತಡವಾದರೆ ಚಿಕಿತ್ಸೆಯೇ ಅಪಾಯವಾಗುವ ಸಂದರ್ಭವಿದು.

೫. ಹಾವಿನ ವಿಷ: ಕ್ರಮ ಬದಲಾಗುವ ಸಂದರ್ಭ

ಮಾತ್ರೆ ಮತ್ತು ಚುಚ್ಚುಮದ್ದುಗಳಿಲ್ಲದೆಯೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಶಕ್ತಿ ನಮ್ಮ ಗದ್ದೆಗಳಲ್ಲಿಯೇ ಇದೆ. ಕೊಳಕುಮಂಡಲದ ವಿಷದಲ್ಲಿರುವ ಕಿಣ್ವಗಳು ಹೆಪ್ಪಿನ ಹತ್ತನೆಯ ಮತ್ತು ಐದನೆಯ ಘಟಕಗಳನ್ನು ಚೋದಿಸುತ್ತವೆ. ಮೊದಲಿಗೆ ಹೆಪ್ಪುಗಟ್ಟಿಸುವ ಈ ವಿಷವೇ ಘಟಕಗಳನ್ನೆಲ್ಲ ವ್ಯಯಮಾಡಿ, ಕೊನೆಗೆ ರಕ್ತವನ್ನು ನೀರಿನಂತೆ ಮಾಡಿಬಿಡುತ್ತದೆ. ಜೊತೆಗೆ ಕಚ್ಚಿದ ಕಾಲು ಭಯಂಕರವಾಗಿ ಊದುತ್ತದೆ. ಗಟ್ಟಿಯಾದ, ಬಣ್ಣಗೆಟ್ಟ ಆ ಕಾಲನ್ನು ಕಂಡವರಿಗೆ ಕಂಪಾರ್ಟ್‌ಮೆಂಟ್ ಸಿಂಡ್ರೋಮೆಂದೇ ತೋರುವುದು ಸಹಜ.

ಆದರೆ ಇಲ್ಲಿ ಊತವು ಬಹುಮಟ್ಟಿಗೆ ಚರ್ಮ ಮತ್ತು ಪೊರೆಯ ನಡುವೆ, ಎಂದರೆ ಕೋಷ್ಠದ ಹೊರಗೆ ಇರುತ್ತದೆ. ಒತ್ತಡವನ್ನು ಅಳೆದರೆ ಅನೇಕ ವೇಳೆ ಅದು ಅಪಾಯದ ಮಟ್ಟಕ್ಕೆ ಏರಿರುವುದಿಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯು, ಪ್ರತಿವಿಷವನ್ನು ಕೊಟ್ಟು ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಮರಳಿ ಪಡೆಯುವವರೆಗೆ ಫೇಸಿಯಾಟಮಿಯ ಯೋಚನೆ ಸಲ್ಲದೆಂದೂ, ವಯಸ್ಕರಲ್ಲಿ ಅಳೆದ ಒತ್ತಡ ೪೦ ಮಿಲಿಮೀಟರನ್ನು ಮೀರಿರಬೇಕೆಂದೂ ಹೇಳುತ್ತದೆ. ಮದ್ದಿನಿಂದಾದ ಸ್ಥಿತಿಯಲ್ಲಿ ರಕ್ತದ ತಿದ್ದುಪಡಿಯೂ ಶಸ್ತ್ರವೂ ಜೊತೆಜೊತೆಯಾಗಿ ಸಾಗಬೇಕು. ವಿಷದಿಂದಾದ ಸ್ಥಿತಿಯಲ್ಲಿ ತಿದ್ದುಪಡಿಯೇ ಮೊದಲು, ಮತ್ತು ಅದು ಬೇಗನೆ ಆದರೆ ಶಸ್ತ್ರದ ಅಗತ್ಯವೇ ಬಾರದಿರಬಹುದು. ಈ ಎರಡರ ಭೇದವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ಮನಗಾಣಬೇಕು.

ರಕ್ತದ ಸ್ಥಿತಿಯನ್ನು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಹೊಸದಾದ, ಶುದ್ಧವಾದ, ಒಣಗಿದ ಗಾಜಿನ ನಳಿಕೆಯಲ್ಲಿ ೨ ಮಿಲಿಲೀಟರು ರಕ್ತವನ್ನು ೨೦ ನಿಮಿಷ ಅಲುಗಿಸದೆ ಇಟ್ಟು ಬಳಿಕ ಒಮ್ಮೆ ಓರೆಮಾಡಿ ನೋಡುತ್ತಾರೆ. ಹರಿದರೆ ಹೆಪ್ಪುಗಟ್ಟಿಲ್ಲ. ಸಾಬೂನಿನಿಂದ ತೊಳೆದ ನಳಿಕೆ ತಪ್ಪು ಫಲಿತಾಂಶ ಕೊಡುತ್ತದೆ. ಪ್ರತಿವಿಷ ಕೊಟ್ಟ ಮೇಲೆ ಆರು ಗಂಟೆಗೊಮ್ಮೆ ಈ ಪರೀಕ್ಷೆಯನ್ನು ಮಾಡಿ ಮತ್ತೆ ಪ್ರತಿವಿಷ ಬೇಕೇ ಎಂದು ನಿರ್ಧರಿಸುತ್ತಾರೆ. ನಮ್ಮ ದೇಶದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದುದು. ಪಶ್ಚಿಮಘಟ್ಟದ ಮಗ್ಗುಲಿನ ತೋಟಗಳಲ್ಲಿರುವ, ಮೂಗಿನ ತುದಿ ಮೇಲೆದ್ದ ಚಿಕ್ಕ ಗುಳಿಮಂಡಲದ ವಿಷವೂ ರಕ್ತವನ್ನು ಕೆಡಿಸಬಲ್ಲುದು. ಈ ಪ್ರತಿವಿಷ ಅದಕ್ಕೆ ಸಲ್ಲದು. ಕರ್ನಾಟಕವು ೨೦೨೪ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿರುವುದರಿಂದ, ಇಂಥ ಕಡಿತಗಳ ನಿಜವಾದ ಪ್ರಮಾಣ ಮುಂದೆ ತಿಳಿಯುವುದೆಂದು ಆಶಿಸಬಹುದು.

೬. ಮನೆಯಲ್ಲಿ, ಶಾಲೆಯಲ್ಲಿ

ಈ ವಿವೇಚನೆಯಿಂದ ಅಧ್ಯಾಪಕರು ತಮ್ಮ ಊರಿನವರಿಗೆ ತಿಳಿಸಬಹುದಾದ ಕೆಲವು ಮಾತುಗಳು ಹೊರಡುತ್ತವೆ. ಹೆಪ್ಪುನಿರೋಧಕ ಮದ್ದು ಸೇವಿಸುವವರು ಮದ್ದಿನ ಹೆಸರು, ಪ್ರಮಾಣ, ಕೊನೆಯ ಐ.ಎನ್.ಆರ್. ಬರೆದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು. ಯಾವ ಚುಚ್ಚುಮದ್ದಿಗೆ ಮುಂಚೆಯೂ ಅದನ್ನು ತೋರಿಸಬೇಕು. ಹೆದರಿ ಮದ್ದನ್ನು ತಾವಾಗಿಯೇ ಬಿಡಕೂಡದು. ಪೆಟ್ಟಾದ ಕಾಲನ್ನು ತಿಕ್ಕಬಾರದು, ಬಿಗಿಯಬಾರದು. ಹಾವು ಕಚ್ಚಿದಾಗ ಹಗ್ಗ ಕಟ್ಟಬಾರದು, ಗಾಯವನ್ನು ಕೊಯ್ಯಬಾರದು. ಅವಯವವನ್ನು ಅಲುಗದಂತಿರಿಸಿ ಒಯ್ಯಬೇಕು. ನೋವನ್ನು ಮರೆಸುವ ಮದ್ದನ್ನು ಕೊಟ್ಟು ಮಲಗಿಸಿದರೆ ರೋಗದ ಏಕೈಕ ಎಚ್ಚರಿಕೆಯನ್ನೇ ಮುಚ್ಚಿದಂತಾಗುತ್ತದೆ.

ಈಗ ಆರಂಭದ ಪ್ರಶ್ನೆಗೆ ಮರಳೋಣ. ಸಂಜೆ ಐದಕ್ಕೆ ಬಿದ್ದು ರಾತ್ರಿ ಒಂಬತ್ತಕ್ಕೆ ಕಾಲು ಬಿಗಿದ ಆ ತಾಯಿಯ ಸ್ನಾಯುವಿಗೆ ಉಳಿದಿರುವುದು ಕೆಲವೇ ಗಂಟೆಗಳು. ತ್ರಾಸಿಯಿಂದ ಕುಂದಾಪುರದ ಆಸ್ಪತ್ರೆಗೆ ಅರ್ಧ ಗಂಟೆಯೊಳಗಿನ ದಾರಿ. ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಮಣಿಪಾಲಕ್ಕೆ ಸುಮಾರು ಐವತ್ತು ಕಿಲೋಮೀಟರು. ೧೦೮ಕ್ಕೆ ಆಗಲೇ ಕರೆಮಾಡಿ, ರೋಗಿ ವಾರ್ಫರಿನ್ ಸೇವಿಸುತ್ತಿದ್ದಾರೆಂದು ಮೊದಲ ವಾಕ್ಯದಲ್ಲಿಯೇ ಹೇಳಿದರೆ, ಪ್ಲಾಸ್ಮಾ ಕರಗುತ್ತಿರುವಾಗಲೇ ಶಸ್ತ್ರವೈದ್ಯರು ಸಿದ್ಧರಾಗಬಹುದು. ಹನ್ನೆರಡು ಗಂಟೆಯೊಳಗೆ ಕೋಷ್ಠ ತೆರೆದರೆ ಆಕೆ ಮತ್ತೆ ಆ ಮೆಟ್ಟಿಲುಗಳನ್ನು ಏರುವ ಸಂಭವವುಂಟು. ಬೆಳಗಿನವರೆಗೆ ಕಾದರೆ ಹದಿಮೂರು ಗಂಟೆಗಳು ಕಳೆದಿರುತ್ತವೆ. ಆಗ ಎಂಥ ಆಸ್ಪತ್ರೆಯೂ ಆ ಕಾಲನ್ನು ಹಿಂದಿನಂತೆ ಮಾಡಿಕೊಡಲಾರದು.